‘ಸಾಲದು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು? ‘ಇನ್‌ಸಫಿಶಿಯಂಟ್’ ಪದದ ಸಮಗ್ರ ಮಾರ್ಗದರ್ಶಿ

ನಾನು ತುಂಬಾ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಚಾಮರಾಜಪೇಟೆ ಕಡೆಯ ಒಂದು ಶಾಖೆ. ಒಂದು ಬೆಳಿಗ್ಗೆ ಹಿರಿಯರೊಬ್ಬರು ವಾಪಸ್ ಬಂದ ಚೆಕ್ಕು ಹಿಡಿದುಕೊಂಡು ಬಂದರು. ಬಾಡಿಗೆಗಿದ್ದ ಹುಡುಗ ಕೊಟ್ಟ 12,000 ರೂಪಾಯಿಯ ಚೆಕ್ಕು. ಜೊತೆಗೆ ಪಿನ್ ಮಾಡಿದ್ದ ಚೀಟಿಯಲ್ಲಿ ‘ಫಂಡ್ಸ್ ಇನ್‌ಸಫಿಶಿಯಂಟ್’ ಎಂದಿತ್ತು.

“ಏನಪ್ಪಾ, ಬ್ಯಾಂಕಲ್ಲೇ ದುಡ್ಡಿಲ್ವಂತೆ?” ಎಂದರು.

“ಬ್ಯಾಂಕಲ್ಲಿದೆ ಅಮ್ಮ. ನಿಮ್ಮ ಬಾಡಿಗೆಯವರ ಖಾತೆಯಲ್ಲಿ ಸಾಲದು ಅಂತ.”

“ಹಂಗಾದ್ರೆ ಅವನ ಹತ್ರ ಒಂದು ಪೈಸೆನೂ ಇಲ್ವಾ?”

“ಅದು ಈ ಚೀಟಿಯಿಂದ ಗೊತ್ತಾಗಲ್ಲಮ್ಮ. 11,900 ಇದ್ದರೂ ಇದೇ ಚೀಟಿ ಬರುತ್ತೆ.”

ಅವರು ಕನ್ನಡಕ ಸರಿ ಮಾಡಿಕೊಂಡು ಚೀಟಿಯನ್ನು ಮತ್ತೆ ನೋಡಿದರು. “ಸಾಲದು ಅನ್ನೋದಕ್ಕೆ ಇಷ್ಟುದ್ದ ಪದ ಯಾಕಪ್ಪಾ?”

ಅವರ ಪ್ರಶ್ನೆ ನ್ಯಾಯವಾದದ್ದೇ. ಈಗ ನಿವೃತ್ತನಾಗಿ, ಭಾನುವಾರಗಳಂದು ಹನುಮಂತನಗರದ ನಮ್ಮ ಮನೆಯ ಹಾಲಿನಲ್ಲಿ ಅಕ್ಕಪಕ್ಕದ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಆ ಪದ ಅಲ್ಲಿಗೂ ಬರುತ್ತಲೇ ಇರುತ್ತದೆ. ಮೊಬೈಲಿನಲ್ಲಿ ಬರುತ್ತದೆ, ಅರ್ಜಿ ತಿರಸ್ಕಾರವಾದಾಗ ಬರುತ್ತದೆ, ಲ್ಯಾಬ್ ರಿಪೋರ್ಟಿನಲ್ಲಿ ಬರುತ್ತದೆ. ಹಾಗಾಗಿ ಅದೊಂದನ್ನೇ ಹಿಡಿದು ಪೂರ್ತಿ ಬಿಡಿಸಿಟ್ಟಿದ್ದೇನೆ.

ಮೊದಲ ಹೆಜ್ಜೆ: ‘ಇಲ್ಲ’ ಮತ್ತು ‘ಸಾಲದು’ ಎರಡನ್ನೂ ಬೇರೆ ಮಾಡಿ

ಇನ್‌ಸಫಿಶಿಯಂಟ್ ಎಂದರೆ ಇದೆ, ಆದರೆ ಬೇಕಾದಷ್ಟಿಲ್ಲ. ಆ ‘ಇದೆ’ ಮುಖ್ಯ. ‘ನೋ ಎವಿಡೆನ್ಸ್’ ಎಂದರೆ ಸಾಕ್ಷ್ಯವೇ ಇಲ್ಲ. ‘ಇನ್‌ಸಫಿಶಿಯಂಟ್ ಎವಿಡೆನ್ಸ್’ ಎಂದರೆ ಸಾಕ್ಷ್ಯವಿದೆ, ಆದರೆ ತಪ್ಪು ಸಾಬೀತು ಮಾಡಲು ಅಷ್ಟು ಸಾಲದು. ಪೇಪರಿನಲ್ಲಿ ಇದನ್ನು ಓದಿ ‘ಏನೂ ಸಿಗಲಿಲ್ಲವಂತೆ’ ಎಂದು ಜಗಲಿಯಲ್ಲಿ ಮಾತಾಡುವವರು ಬಹಳ ಜನ.

ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಯಾಕೆಂದರೆ ಕನ್ನಡದಲ್ಲಿ ‘ಸಾಲದು’ ಎಂಬ ಅಚ್ಚುಕಟ್ಟಾದ ಪದ ಇದೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತೀವಲ್ಲ, ಅಲ್ಲಿ ಮಜ್ಜಿಗೆ ಇದೆ. ಹೊಟ್ಟೆ ದೊಡ್ಡದು, ಅಷ್ಟೇ. ಆ ಗಾದೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಮಜ್ಜಿಗೆ ಎಷ್ಟು ಎಂದಷ್ಟೇ ಹೇಳಿ ಬಿಟ್ಟಿಲ್ಲ, ಯಾರ ಹೊಟ್ಟೆಗೆ ಎಂದೂ ಹೇಳಿದೆ. ಅದೇ ಮಜ್ಜಿಗೆ ಒಂದು ಮಗುವಿಗೆ ಸಾಕಾಗಬಹುದು. ಇನ್‌ಸಫಿಶಿಯಂಟ್ ಕೂಡ ಹೀಗೇ. ಒಂಟಿಯಾಗಿ ನಿಂತರೆ ಅದು ಅರ್ಧ ಮಾತು. ಯಾವುದಕ್ಕೆ ಸಾಲದು, ಎಷ್ಟು ಸಾಲದು ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕಾಗಲೇ ಅದು ಪೂರ್ತಿಯಾಗುತ್ತದೆ. ಈ ಮಾರ್ಗದರ್ಶಿಯಲ್ಲಿ ಮತ್ತೆ ಮತ್ತೆ ಬರುವುದು ಆ ಎರಡು ಪ್ರಶ್ನೆಗಳೇ.

ಎರಡನೇ ಹೆಜ್ಜೆ: ಹೇಳುವುದು, ಬರೆಯುವುದು

ಕನ್ನಡದಲ್ಲಿ ಮಾತಾಡುವಾಗ ನಾವು ‘ಇನ್‌ಸಫಿಶಿಯಂಟ್’ ಎಂದು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಬೀಳುವುದು ‘ಫಿ’ ಮೇಲೆ. ಇನ್-ಸ-ಫಿ-ಶಂಟ್. ‘ಸ’ ಹಗುರ, ‘ಶಂಟ್’ ಇನ್ನೂ ಹಗುರ.

ಕಾಗುಣಿತದಲ್ಲಿ ಎಡವುವುದು ಎರಡು ಕಡೆ. ಎಫ್ ಎರಡು ಇವೆ. ಆಮೇಲೆ ಸಿ ಬಂದ ಮೇಲೆ ಐ, ಅದರ ಮೇಲೆ ಇ. ಶಾಲೆಯಲ್ಲಿ ‘ಸಿ ಆದ ಮೇಲೆ ಇ ಮೊದಲು, ಐ ಆಮೇಲೆ’ ಎಂದು ಕಲಿಸುತ್ತಾರೆ. ಆ ಸೂತ್ರ ‘ರಿಸೀವ್’ ಥರದ ಪದಕ್ಕೆ ಸರಿ, ಇಲ್ಲಿಗೆ ಅಲ್ಲ. ಸಿ-ಐ ಸೇರಿ ‘ಶ’ ಎಂದು ಕೇಳಿಸುವ ಪದಗಳಲ್ಲಿ ಐ ಮುಂದೆಯೇ ಇರುತ್ತದೆ. ಎಫಿಶಿಯಂಟ್, ಏನ್ಶಿಯಂಟ್ ಎಲ್ಲ ಹಾಗೆಯೇ. ಒಟ್ಟು 12 ಅಕ್ಷರ. ಬರೆದು ಒಮ್ಮೆ ಎಣಿಸಿ ನೋಡಿ.

ಪದದ ಹುಟ್ಟನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಇದು ಲ್ಯಾಟಿನ್‌ನಿಂದ ಬಂದದ್ದು. ಇಂಗ್ಲಿಷಿನಲ್ಲಿ 14ನೇ ಶತಮಾನದಿಂದ ಇದೆ. ಮುಂದಿರುವ ‘ಇನ್’ ಎಂದರೆ ಅಲ್ಲ. ಹಾಗಾಗಿ ‘ಅನ್‌ಸಫಿಶಿಯಂಟ್’ ಎಂದು ಬರೆಯಬೇಡಿ, ಅದು ತಪ್ಪು. ಆದರೆ ಅಮೆರಿಕದ ಬ್ಯಾಂಕುಗಳಲ್ಲಿ ‘ನಾನ್-ಸಫಿಶಿಯಂಟ್ ಫಂಡ್ಸ್’ ಎಂಬ ಮಾತು ಬಳಕೆಯಲ್ಲಿದೆ. ಅಲ್ಲಿರುವ ಮಗ, ಸೊಸೆ ‘ಎನ್‌ಎಸ್‌ಎಫ್ ಚಾರ್ಜ್’ ಎಂದರೆ ಅದು ಇದೇ.

ಮೂರನೇ ಹೆಜ್ಜೆ: ವಾಕ್ಯದಲ್ಲಿ ಕೂರಿಸುವುದು

ನಮ್ಮ ಹುಡುಗರಿಗೆ ಕಷ್ಟವಾಗುವುದು ಇಲ್ಲೇ. ಕಾರಣ ಸರಳ. ಕನ್ನಡದಲ್ಲಿ ಈ ಕೆಲಸ ಮಾಡುವುದು ಕ್ರಿಯಾಪದ. ಸಾಲುತ್ತದೆ, ಸಾಲದು, ಸಾಲಲಿಲ್ಲ, ಸಾಲದೆ ಬಂತು. ಇಂಗ್ಲಿಷಿನಲ್ಲಿ ಮಾಡುವುದು ಗುಣವಾಚಕ. ಅದಕ್ಕೆ ಆಸರೆಯಾಗಿ ‘ಈಸ್’, ‘ವಾಸ್’ ಇರಲೇಬೇಕು. ‘ದ ವಾಟರ್ ಇನ್‌ಸಫಿಶಿಯಂಟ್’ ಎಂದು ಬರೆದು ನಿಲ್ಲಿಸಿದರೆ ವಾಕ್ಯಕ್ಕೆ ಕಾಲಿಲ್ಲ.

ಮೂರು ರೀತಿ ಕಲಿತರೆ ಸಾಕು.

ನಾಮಪದದ ಮುಂದೆ ಇಡುವುದು ಒಂದು: ‘ದೇರ್ ವಾಸ್ ಇನ್‌ಸಫಿಶಿಯಂಟ್ ಟೈಮ್’, ಅಂದರೆ ಸಮಯ ಸಾಲಲಿಲ್ಲ. ‘ದೇರ್ ಈಸ್’ ಜೊತೆ ಇದು ತುಂಬಾ ಸಲೀಸಾಗಿ ಕೂರುತ್ತದೆ.

ಆಮೇಲೆ ‘ಫಾರ್’ ಜೊತೆ. ಕನ್ನಡದ ‘ಗೆ’, ‘ಕ್ಕೆ’ ಪ್ರತ್ಯಯದ ಜಾಗ ಇದು. ‘ದ ಟ್ಯಾಂಕ್ ಈಸ್ ಇನ್‌ಸಫಿಶಿಯಂಟ್ ಫಾರ್ ಟ್ವೆಲ್ವ್ ಫ್ಯಾಮಿಲೀಸ್’, ಅಂದರೆ ಈ ಟ್ಯಾಂಕು 12 ಸಂಸಾರಕ್ಕೆ ಸಾಲದು. ‘ಫಾರ್’ ಆದ ಮೇಲೆ ನಾಮಪದ.

ಕೊನೆಯದು ‘ಟು’ ಜೊತೆ. ಇಲ್ಲಿ ಮುಂದೆ ಕ್ರಿಯಾಪದ ಬರುತ್ತದೆ. ‘ಮೈ ಸ್ಯಾಲರಿ ಈಸ್ ಇನ್‌ಸಫಿಶಿಯಂಟ್ ಟು ರಿಪೇ ದ ಲೋನ್.’ ಕನ್ನಡದಲ್ಲಿ ಹೇಳಿ ನೋಡಿ: ಸಾಲ ತೀರಿಸಲು ಸಂಬಳ ಸಾಲದು. ಈ ವಾಕ್ಯ ಹುಡುಗರಿಗೆ ಬೇಗ ಬಾಯಿಗೆ ಹತ್ತುತ್ತದೆ. ಸಾಲ ಮಾಡಿದ ದೊಡ್ಡವರಿಗೆ ಇನ್ನೂ ಬೇಗ.

ಈ ‘ಟು’ ಬಳಕೆಗೆ ಒಳ್ಳೆಯ ಉದಾಹರಣೆ ಕಾನೂನಿನಲ್ಲೇ ಇದೆ. ಚೆಕ್ ಅಮಾನ್ಯವಾಗುವುದನ್ನು ಹೇಳುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1881ರ 138ನೇ ಸೆಕ್ಷನ್‌ನಲ್ಲಿ ಖಾತೆಯಲ್ಲಿರುವ ಹಣ ‘ಈಸ್ ಇನ್‌ಸಫಿಶಿಯಂಟ್ ಟು ಆನರ್ ದ ಚೆಕ್’ ಎಂದಿದೆ. ಯಾವುದಕ್ಕೆ ಸಾಲದು ಎಂಬುದನ್ನು ಕಾನೂನು ಬಾಯಿಬಿಟ್ಟು ಹೇಳಿದೆ ನೋಡಿ: ಆ ಚೆಕ್ಕಿಗೆ.

ಯಾವ ನಾಮಪದದ ಜೊತೆ ಹೋಗುತ್ತದೆ ಎಂಬುದನ್ನೂ ಗಮನಿಸಿ. ಎಣಿಸಲಾಗದ ವಸ್ತು ಆಗಬಹುದು: ವಾಟರ್, ಟೈಮ್, ಲೈಟ್. ಬಹುವಚನ ಆಗಬಹುದು: ಫಂಡ್ಸ್, ಡಾಕ್ಯುಮೆಂಟ್ಸ್, ಸೀಟ್ಸ್. ‘ಆ್ಯನ್ ಇನ್‌ಸಫಿಶಿಯಂಟ್ ಚೇರ್’ ಆಗುವುದಿಲ್ಲ. ಒಂದು ಕುರ್ಚಿ ಎಷ್ಟು ಅಂತ ಸಾಲದೇ ಹೋದೀತು? ಆದರೆ ‘ಆ್ಯನ್ ಇನ್‌ಸಫಿಶಿಯಂಟ್ ಅಮೌಂಟ್’, ‘ಆ್ಯನ್ ಇನ್‌ಸಫಿಶಿಯಂಟ್ ನಂಬರ್’ ಸರಿ. ಅವು ಏಕವಚನವಾದರೂ ಒಳಗೆ ಅಳತೆ ಇದೆ.

ನಾಲ್ಕನೇ ಹೆಜ್ಜೆ: ದಾಯಾದಿಗಳನ್ನು ಗುರುತಿಸಿ

ಕೊರತೆ ಹೇಳುವ ಪದಗಳು ಇಂಗ್ಲಿಷಿನಲ್ಲಿ ಹತ್ತಾರಿವೆ. ನಿಘಂಟಿನಲ್ಲಿ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕಾಣಿಸುತ್ತದೆ. ಬಳಸುವಾಗ ಮಾತ್ರ ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ.

ಹತ್ತಿರದ ದಾಯಾದಿ ‘ಇನ್‌ಆ್ಯಡಿಕ್ವೆಟ್’. ಇನ್‌ಸಫಿಶಿಯಂಟ್ ಪ್ರಮಾಣ ನೋಡುತ್ತದೆ. ಇನ್‌ಆ್ಯಡಿಕ್ವೆಟ್ ಪ್ರಮಾಣದ ಜೊತೆ ಗುಣವನ್ನೂ, ವ್ಯವಸ್ಥೆಯನ್ನೂ ನೋಡುತ್ತದೆ. ನಮ್ಮ ಪೇಪರುಗಳು ‘ಅಸಮರ್ಪಕ’ ಎಂದು ಬರೆಯುತ್ತವಲ್ಲ, ಅದು.

ಬೆಂಗಳೂರಿನ ನೀರನ್ನೇ ತಗೊಳ್ಳಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ತಂದರು. ಊರು ಬೆಳೆಯಿತು, ಅದು ಸಾಲಲಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಅದೂ ಸಾಲದಾಗಿ 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು. ಹೀಗೆ ಪ್ರತಿ ಸಲವೂ ನೀರು ಊರಿಗೆ ಇನ್‌ಸಫಿಶಿಯಂಟ್ ಆಯಿತು. ಬರೀ ಲೆಕ್ಕದ ಮಾತು. ಆದರೆ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಥೆ ಬೇರೆ. ಅಲ್ಲಿ ನೀರಿನ ಜೊತೆ ಪೈಪು, ಒಳಚರಂಡಿ ಎಲ್ಲದರ ಕೊರತೆ ಇತ್ತು. ಇಂಥದ್ದಕ್ಕೆ ‘ಇನ್‌ಆ್ಯಡಿಕ್ವೆಟ್ ಇನ್‌ಫ್ರಾಸ್ಟ್ರಕ್ಚರ್’ ಎನ್ನಬೇಕು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ ದಿನಕ್ಕೆ 77.5 ಕೋಟಿ ಲೀಟರ್ ನೀರು ಮುಖ್ಯವಾಗಿ ಈ ಹಳ್ಳಿಗಳಿಗೇ. ನೀರು ಬಂದರೆ ಇನ್‌ಸಫಿಶಿಯನ್ಸಿ ಕಮ್ಮಿಯಾಗುತ್ತದೆ. ಮನೆಮನೆಗೂ ಪೈಪು ತಲುಪುವವರೆಗೆ ಇನ್‌ಆ್ಯಡಿಕ್ವೆಸಿ ಉಳಿಯುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಮನುಷ್ಯರ ವಿಷಯದಲ್ಲಿ. ‘ಹಿ ಈಸ್ ಇನ್‌ಸಫಿಶಿಯಂಟ್’ ಎಂದು ಯಾರೂ ಹೇಳುವುದಿಲ್ಲ, ಕೇಳಲು ವಿಚಿತ್ರ. ‘ಐ ಫೀಲ್ ಇನ್‌ಆ್ಯಡಿಕ್ವೆಟ್’ ಎನ್ನುತ್ತಾರೆ. ಈ ಕೆಲಸಕ್ಕೆ ನಾನು ಸಾಲದವನು ಎಂಬ ಅಳುಕು ಅದು. ಹೊಸ ಕೆಲಸಕ್ಕೆ ಸೇರಿದ ಹುಡುಗರು ಮೊದಲ ತಿಂಗಳು ಇದನ್ನೇ ಹೇಳುತ್ತಾರೆ. ತನ್ನ ಬಗ್ಗೆ ತಾನು ಹೇಳಿಕೊಂಡರೆ ಪರವಾಗಿಲ್ಲ. ಬೇರೆಯವರ ಬಗ್ಗೆ ‘ಹಿ ಈಸ್ ಇನ್‌ಆ್ಯಡಿಕ್ವೆಟ್’ ಎಂದರೆ ಚುಚ್ಚುತ್ತದೆ, ಸುಮ್ನೆ ಬಳಸಬೇಡಿ.

‘ಡೆಫಿಶಿಯಂಟ್’ ಎನ್ನುವುದು ಇರಬೇಕಾದ ಒಂದು ಅಂಶ ಕಮ್ಮಿ ಇರುವುದು. ಇದರ ಜೊತೆ ‘ಇನ್’ ಬರುತ್ತದೆ: ‘ಡೆಫಿಶಿಯಂಟ್ ಇನ್ ಐರನ್’. ಹವಾಮಾನ ಇಲಾಖೆಗೆ ಇದು ಅಳತೆಗೋಲಿನ ಪದ. ಮಳೆ ವಾಡಿಕೆಗಿಂತ ಶೇ. 19ರವರೆಗೆ ಕಮ್ಮಿಯಾದರೂ ಅವರ ಲೆಕ್ಕದಲ್ಲಿ ‘ನಾರ್ಮಲ್’. ಶೇ. 20ರಿಂದ 59ರಷ್ಟು ಕಮ್ಮಿಯಾದರೆ ‘ಡೆಫಿಶಿಯಂಟ್’. 60ರಿಂದ 99 ಆದರೆ ‘ಲಾರ್ಜ್ ಡೆಫಿಶಿಯಂಟ್’. ಹಾಗಾಗಿ ಹೊಲ ಒಣಗಿದ ರೈತರಿಗೆ ಮಳೆ ಇನ್‌ಸಫಿಶಿಯಂಟ್ ಆಗಿದ್ದರೂ ಇಲಾಖೆಯ ನಕ್ಷೆಯಲ್ಲಿ ಅದು ಡೆಫಿಶಿಯಂಟ್ ಆಗದೇ ಇರಬಹುದು. ಬೆಳೆಗೆ ಸಾಲದು ಎಂಬುದು ಒಂದು ಲೆಕ್ಕ, ವಾಡಿಕೆಗಿಂತ ಕಮ್ಮಿ ಎಂಬುದು ಇನ್ನೊಂದು.

ಉಳಿದವು ಬೇಗ. ‘ಮೀಗರ್’ನಲ್ಲಿ ಅಯ್ಯೋ ಪಾಪ ಎಂಬ ದನಿ ಇದೆ: ಮೀಗರ್ ಪೆನ್ಷನ್. ‘ಪಾಲ್ಟ್ರಿ’ಯಲ್ಲಿ ತಿರಸ್ಕಾರ ಇದೆ, ನಮ್ಮ ‘ಬಿಡಿಗಾಸು’ ಹಾಗೆ. ‘ಸ್ಕಾಂಟ್’ ಹೆಚ್ಚಾಗಿ ಅಟೆನ್ಷನ್, ರಿಗಾರ್ಡ್ ಥರದ ಪದಗಳ ಜೊತೆ ಬರುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಸಾಲದಿದ್ದರೆ ‘ಐ ಆ್ಯಮ್ ಟೂ ರುಪೀಸ್ ಶಾರ್ಟ್’ ಎನ್ನಿ. ಅಲ್ಲಿ ಇನ್‌ಸಫಿಶಿಯಂಟ್ ತಂದರೆ ಅಂಗಡಿಯವರು ನಗುತ್ತಾರೆ.

ಐದನೇ ಹೆಜ್ಜೆ: ಎಲ್ಲಿ ಬಳಸಬಾರದು

ಇದು ಕೋಟು ಹಾಕಿಕೊಂಡ ಪದ. ಕಚೇರಿ, ಕೋರ್ಟು, ವರದಿಗೆ ಸರಿ. ಅಡುಗೆಮನೆಗೆ ಸರಿಯಲ್ಲ. ‘ಶುಗರ್ ಈಸ್ ಇನ್‌ಸಫಿಶಿಯಂಟ್ ಇನ್ ದಿಸ್ ಕಾಫಿ’ ಎಂದರೆ ವ್ಯಾಕರಣ ಸರಿ, ಮಾತು ತಮಾಷೆ. ‘ದೇರ್ ಈಸಂಟ್ ಇನಫ್ ಶುಗರ್’ ಎಂದರೆ ಮುಗಿಯಿತು. ಮನೆಮಾತಿನ ಇಂಗ್ಲಿಷಿಗೆ ‘ನಾಟ್ ಇನಫ್’ ಸಾಕು.

ಬೆಂಗಳೂರಿನಲ್ಲಿ ನಾವು ಇದನ್ನು ಇನ್ನೊಂದು ಥರ ಹೇಳುತ್ತೇವೆ: ‘ಸಾಲ್ಟ್ ಈಸ್ ಲೆಸ್.’ ಇದು ಉಪ್ಪು ಕಮ್ಮಿ ಎಂಬುದನ್ನು ಹಾಗೇ ಎತ್ತಿಟ್ಟಿದ್ದು. ನನಗೇನೂ ಇದರ ಮೇಲೆ ಕೋಪ ಇಲ್ಲ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರಗಿನವರಿಗೆ ‘ಲೆಸ್’ ಎಂದ ಕೂಡಲೇ ‘ಯಾವುದಕ್ಕಿಂತ?’ ಎಂಬ ಪ್ರಶ್ನೆ ಹುಟ್ಟುತ್ತದೆ. ‘ಲೆಸ್’ ಎಂದರೆ ಹೋಲಿಕೆ. ಬರವಣಿಗೆಯಲ್ಲಿ, ಸಂದರ್ಶನದಲ್ಲಿ ಬೇಡ.

ಆರನೇ ಹೆಜ್ಜೆ: ನಾನು ಜಾಸ್ತಿ ತಿದ್ದುವ ತಪ್ಪುಗಳು

ನಂಬರ್ ಒನ್, ‘ಸಫಿಶಿಯಂಟ್ ಇನಫ್’. ಸಾಕಷ್ಟು ಸಾಕು ಎಂದಂತೆ. ಒಂದನ್ನು ಬಿಡಿ.

ಆಮೇಲೆ ‘ಇನ್‌ಎಫಿಶಿಯಂಟ್’ ಜೊತೆಗಿನ ಗೊಂದಲ. ಅದರ ಅರ್ಥ ದಕ್ಷತೆ ಇಲ್ಲದ್ದು. ನನ್ನ ಹತ್ತಿರ ಬರುವ ಹುಡುಗನೊಬ್ಬ ಕಂಪನಿಗೆ ಮೇಲ್ ಬರೆಯುವಾಗ ‘ನಮ್ಮ ಟೀಮಿನಲ್ಲಿ ಜನ ಸಾಲದು’ ಎನ್ನಲು ಹೋಗಿ ‘ಅವರ್ ಸ್ಟಾಫ್ ಈಸ್ ಇನ್‌ಎಫಿಶಿಯಂಟ್’ ಎಂದು ಬರೆದಿದ್ದ. ನಮ್ಮ ಸಿಬ್ಬಂದಿ ಕೆಲಸಕ್ಕೆ ಬಾರದವರು ಎಂದಾಯಿತು. ಪುಣ್ಯಕ್ಕೆ ಕಳಿಸುವ ಮುಂಚೆ ನನಗೆ ತೋರಿಸಿದ. ಬರೆಯಬೇಕಾದದ್ದು ‘ವಿ ಹ್ಯಾವ್ ಇನ್‌ಸಫಿಶಿಯಂಟ್ ಸ್ಟಾಫ್’.

‘ವೆರಿ ಇನ್‌ಸಫಿಶಿಯಂಟ್’ ಕೂಡ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ತೀರಾ ಸಾಲದು ಎನ್ನಲು ‘ಹೋಲಿ ಇನ್‌ಸಫಿಶಿಯಂಟ್’ ಅಥವಾ ‘ಗ್ರಾಸ್ಲಿ ಇನ್‌ಆ್ಯಡಿಕ್ವೆಟ್’ ಎನ್ನುತ್ತಾರೆ. ಕ್ರಿಯಾವಿಶೇಷಣ ಬೇಕಾದರೆ ‘ಇನ್‌ಸಫಿಶಿಯಂಟ್ಲಿ’: ‘ಇನ್‌ಸಫಿಶಿಯಂಟ್ಲಿ ಟ್ರೈನ್ಡ್’, ತರಬೇತಿ ಸಾಲದವರು. ಮನುಷ್ಯರಿಗೆ ಈ ಪದ ಹತ್ತುವುದು ಈ ದಾರಿಯಲ್ಲೇ.

ಏಳನೇ ಹೆಜ್ಜೆ: ಪದವೇ ನಿಮ್ಮ ಎದುರು ಬಂದಾಗ

ನಾವು ಈ ಪದವನ್ನು ಬಳಸುವುದಕ್ಕಿಂತ ಓದುವುದೇ ಜಾಸ್ತಿ. ಓದಿದಾಗ ಗಾಬರಿಯಾಗದೆ ಅದೇ ಎರಡು ಪ್ರಶ್ನೆ ಕೇಳಿ. ಯಾವುದಕ್ಕೆ? ಎಷ್ಟು?

ಚೆಕ್ಕಿನ ಚೀಟಿಯಲ್ಲಿ ‘ಫಂಡ್ಸ್ ಇನ್‌ಸಫಿಶಿಯಂಟ್’ ಎಂದಿದ್ದರೆ ತಪ್ಪು ಚೆಕ್ ಕೊಟ್ಟವರ ಕಡೆಯದು. ‘ಎಕ್ಸೀಡ್ಸ್ ಅರೇಂಜ್‌ಮೆಂಟ್’ ಎಂದಿದ್ದರೆ ಬ್ಯಾಂಕು ಅವರಿಗೆ ಕೊಟ್ಟ ಮಿತಿ ಮೀರಿದೆ ಎಂದರ್ಥ. ಹಣ ನಿಮಗೆ ನ್ಯಾಯವಾಗಿ ಬರಬೇಕಾದ ಬಾಕಿಯಾಗಿದ್ದರೆ ಎರಡಕ್ಕೂ 138ನೇ ಸೆಕ್ಷನ್ ಅನ್ವಯಿಸುತ್ತದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕ ಮೇಲೆ ಹಣ ಕಟ್ಟಲು ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಆ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. “ಜೈಲು ಗೀಲು ಬೇಡಪ್ಪಾ, ಬಾಡಿಗೆ ಬಂದ್ರೆ ಸಾಕು” ಎಂದರು. ನೋಟಿಸ್ ತಲುಪಿದ ವಾರದಲ್ಲೇ ಬಾಡಿಗೆ ಬಂತು ಎಂದು ಆಮೇಲೆ ಗೊತ್ತಾಯಿತು.

ಅರ್ಜಿಗೆ ‘ಇನ್‌ಸಫಿಶಿಯಂಟ್ ಡಾಕ್ಯುಮೆಂಟ್ಸ್’ ಎಂಬ ಉತ್ತರ ಬಂದರೆ ಅದು ಉತ್ತರವೇ ಅಲ್ಲ. ಯಾವ ದಾಖಲೆ ಕಮ್ಮಿ ಎಂದು ಅದು ಹೇಳುವುದಿಲ್ಲ. ಸುಮ್ನೆ ಎಲ್ಲ ಕಾಗದವನ್ನೂ ಮತ್ತೆ ಜೆರಾಕ್ಸ್ ಮಾಡಿಸಿ ಓಡಬೇಡಿ. ಒಂದು ಸಾಲು ಬರೆಯಿರಿ: ‘ಪ್ಲೀಸ್ ಸ್ಪೆಸಿಫೈ ವಿಚ್ ಡಾಕ್ಯುಮೆಂಟ್ಸ್ ಆರ್ ಮಿಸ್ಸಿಂಗ್.’

ಆಫೀಸಿನ ಕಂಪ್ಯೂಟರಿನಲ್ಲಿ ‘ಇನ್‌ಸಫಿಶಿಯಂಟ್ ಪರ್ಮಿಷನ್ಸ್’ ಬಂದರೆ ದುಡ್ಡಿನ ಮಾತಲ್ಲ. ಆ ಫೈಲು ತೆರೆಯಲು ನಿಮಗಿರುವ ಅನುಮತಿ ಸಾಲದು. ‘ಇನ್‌ಸಫಿಶಿಯಂಟ್ ಸ್ಟೋರೇಜ್’ ಎಂದರೆ ಫೋನಿನಲ್ಲಿ ಜಾಗ ಸಾಲದು. ಮುಕ್ಕಾಲು ಪಾಲು ಗುಡ್ ಮಾರ್ನಿಂಗ್ ಚಿತ್ರಗಳೇ ತುಂಬಿರುತ್ತವೆ, ಅಳಿಸಿ.

ಲ್ಯಾಬಿನವರು ‘ಸ್ಯಾಂಪಲ್ ಇನ್‌ಸಫಿಶಿಯಂಟ್’ ಎಂದರೆ ನಿಮ್ಮ ಮೈಯಲ್ಲಿ ರಕ್ತ ಕಮ್ಮಿ ಎಂದಲ್ಲ. ಪರೀಕ್ಷೆಗೆ ತೆಗೆದದ್ದು ಸಾಲದು, ಮತ್ತೊಮ್ಮೆ ಕೊಡಬೇಕು. ಆದರೆ ಡಾಕ್ಟರ ರಿಪೋರ್ಟಿನ ‘ಇನ್‌ಸಫಿಶಿಯನ್ಸಿ’ ಬೇರೆ. ಅಲ್ಲಿ ಒಂದು ಅಂಗ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ ಎಂದರ್ಥ. ‘ಅಯೋರ್ಟಿಕ್ ಇನ್‌ಸಫಿಶಿಯನ್ಸಿ’ ಎಂದರೆ ಹೃದಯದ ಒಂದು ಕವಾಟ ಪೂರ್ತಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುವುದು. ಎಷ್ಟು ಸೋರುತ್ತಿದೆ, ಏನು ಮಾಡಬೇಕು ಎಂಬುದು ಡಾಕ್ಟರ ಕೆಲಸ.

ಕೊನೆಯ ಹೆಜ್ಜೆ: ನೀವೇ ಬರೆಯಿರಿ

ಪದವನ್ನು ಕೈಗೆ ಹತ್ತಿಸಿಕೊಳ್ಳಲು ಒಂದು ನಿಜವಾದ ಪತ್ರ ಬರೆಯುವುದೇ ಒಳ್ಳೆಯದು. ನಿಮ್ಮ ಬಿಲ್ಡಿಂಗಿನಲ್ಲಿ ನೀರು ಸರಿಯಾಗಿ ಬರುತ್ತಿಲ್ಲ ಎಂದುಕೊಳ್ಳಿ. ಹುಡುಗರು ಮೊದಲು ಬರೆಯುವುದು ಹೀಗೆ: ‘ವಾಟರ್ ಈಸ್ ವೆರಿ ಲೆಸ್. ಪ್ಲೀಸ್ ಡು ದ ನೀಡ್‌ಫುಲ್.’ ಓದಿದವರಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ.

ಒಂದು ಹೆಜ್ಜೆ ಮುಂದೆ: ‘ದ ವಾಟರ್ ಸಪ್ಲೈ ಈಸ್ ಇನ್‌ಸಫಿಶಿಯಂಟ್.’ ಭಾಷೆ ಸರಿಯಾಯಿತು, ಮಾತು ಇನ್ನೂ ಅರ್ಧ.

ಈಗ ಎರಡು ಪ್ರಶ್ನೆಗೂ ಉತ್ತರ ಸೇರಿಸಿ: ‘ವಿ ಗೆಟ್ ವಾಟರ್ ಫಾರ್ ಒನ್ ಅವರ್ ಎವ್ರಿ ಥರ್ಡ್ ಡೇ. ದಿಸ್ ಈಸ್ ಇನ್‌ಸಫಿಶಿಯಂಟ್ ಫಾರ್ ಟ್ವೆಲ್ವ್ ಫ್ಯಾಮಿಲೀಸ್.’ ಮೂರು ದಿನಕ್ಕೊಮ್ಮೆ ಒಂದು ಗಂಟೆ ನೀರು, 12 ಸಂಸಾರಕ್ಕೆ ಸಾಲದು. ಇದನ್ನು ಓದಿದವರು ‘ಇನ್ನೂ ಎಷ್ಟು ಬೇಕು’ ಎಂದು ಯೋಚಿಸಲೇಬೇಕು. ಪೈಪು ಹಳೆಯದಾಗಿ ಸೋರುತ್ತಿದ್ದರೆ, ಒತ್ತಡವೂ ಇಲ್ಲದಿದ್ದರೆ ಮಾತ್ರ ಇನ್ನೊಂದು ಸಾಲಿನಲ್ಲಿ ‘ಇನ್‌ಆ್ಯಡಿಕ್ವೆಟ್’ ತನ್ನಿ.

ಇಷ್ಟನ್ನೂ ಕನ್ನಡದಲ್ಲೇ ಬರೆದು ಕೊಡಬಹುದು, ಧಾರಾಳವಾಗಿ. ಯಾವ ಭಾಷೆಯಲ್ಲಿ ಬರೆದರೂ ಮೇಲೆ ವಿಳಾಸ, ಬಿಲ್ಲಿನಲ್ಲಿರುವ ಆರ್‌ಆರ್ ನಂಬರು, ಕೆಳಗೆ ಫೋನ್ ನಂಬರು ಹಾಕಿ. ಮರೆತರೆ ಅಲ್ಲಿಂದ ‘ಇನ್‌ಸಫಿಶಿಯಂಟ್ ಡೀಟೇಲ್ಸ್’ ಎಂದು ಉತ್ತರ ಬಂದೀತು.